'ಕ್ಲೋಸರ್'ಗೆ ಕನ್ನಡದಲ್ಲಿ ಏನಂತೀರಿ? 'ಉಳಿಸುವವನು' ಸರಿಯೇ?

ಎಲ್ಲರಿಗೂ ನಮಸ್ಕಾರ.

ಒಂದು ವಾರದಿಂದ ಒಂದು ಪದ ಸಿಕ್ಕದೆ ಒದ್ದಾಡುತ್ತಿದ್ದೇನೆ. ಬೇಸ್‌ಬಾಲ್‌ನ ಪದ. ಆಟ ಗೊತ್ತಿಲ್ಲದವರೂ ಓದಬಹುದು, ತಕರಾರು ಇರುವುದೆಲ್ಲ ಕನ್ನಡದ್ದೇ.

ನ್ಯೂಜೆರ್ಸಿಯಲ್ಲಿರುವ ನಮ್ಮ ಅಕ್ಕನ ಮಗನಿಗೆ ನ್ಯೂಯಾರ್ಕ್ ಮೆಟ್ಸ್ ತಂಡವೆಂದರೆ ಪ್ರಾಣ. 2025ರ ಡಿಸೆಂಬರ್‌ನಲ್ಲಿ ಮೆಟ್ಸ್‌ನ ಕ್ಲೋಸರ್ ಎಡ್ವಿನ್ ಡಿಯಾಸ್ ಲಾಸ್ ಏಂಜಲೀಸ್ ಡಾಡ್ಜರ್ಸ್‌ಗೆ ಹೋದ. ಮೂರು ವರ್ಷಕ್ಕೆ 6.9 ಕೋಟಿ ಡಾಲರ್. ಹುಡುಗ ಫೋನಿನಲ್ಲಿ ಕೂಗಾಡಿದ: "ಮಾಮ, ಮ್ಯಾಚ್ ಉಳಿಸೋನನ್ನೇ ಉಳಿಸ್ಕೊಳ್ಳಲಿಲ್ಲ ಇವ್ರು!"

ಅವನ ಕನ್ನಡ ಅಷ್ಟಕ್ಕಷ್ಟೆ. ಆದರೂ ಈ ಮಾತು ನನ್ನ ತಲೆ ಕೆಡಿಸಿತು. ಇಂಗ್ಲಿಷಿನಲ್ಲಿ ಸೇವ್ ಬೇರೆ, ಕೀಪ್ ಬೇರೆ. ನಮ್ಮಲ್ಲಿ ಎರಡಕ್ಕೂ 'ಉಳಿಸು'. ಒಂದಕ್ಕೆ 'ಕೊಳ್ಳು' ಅಂಟಿದೆ, ಅಷ್ಟೆ. ಹಾಗಾಗಿ ಇಷ್ಟು ದುಡ್ಡು ಕೊಟ್ಟು ಕ್ಲೋಸರ್‌ನನ್ನು ಉಳಿಸಿಕೊಳ್ಳಬೇಕೇ ಅಂತ ಕನ್ನಡದಲ್ಲಿ ಕೇಳಿದ ಕೂಡಲೇ ಉತ್ತರವೂ ಬಂದುಬಿಡುತ್ತದೆ. ಉಳಿಸಿದವನನ್ನು ಉಳಿಸಿಕೊಳ್ಳದೆ ಇರುವುದು ನ್ಯಾಯವೇ? ಪದವೇ ವಕಾಲತ್ತು ವಹಿಸಿದ ಹಾಗಾಯಿತು.

ಕ್ಲೋಸರ್ ಅಂದರೆ ಯಾರು? ಒಂಬತ್ತು ಇನ್ನಿಂಗ್ಸ್‌ನ ಆಟದಲ್ಲಿ ತನ್ನ ತಂಡ ಸ್ವಲ್ಪ ಮುಂದಿರುವಾಗ ಕೊನೆಯ ಇನ್ನಿಂಗ್ಸ್‌ಗೆ ಬಂದು ಚೆಂಡು ಎಸೆಯುವ ಪಿಚರ್. ಗೆಲುವು ಕೈತಪ್ಪದಂತೆ ಆಟ ಮುಗಿಸಿದರೆ ಅವನ ಲೆಕ್ಕಕ್ಕೆ ಒಂದು 'ಸೇವ್'. ಈ ಲೆಕ್ಕ ಹುಟ್ಟಿಸಿದವನು ಷಿಕಾಗೋದ ಪತ್ರಕರ್ತ ಜೆರೋಮ್ ಹೋಲ್ಟ್ಸ್‌ಮನ್. 1969ರಲ್ಲಿ ಅದು ಅಧಿಕೃತವಾಯಿತು. ಮೂರು ರನ್ ಮುಂದಿರುವಾಗ ಬಂದು, ಎರಡು ರನ್ ಬಿಟ್ಟುಕೊಟ್ಟು, ಏದುಸಿರು ಬಿಡುತ್ತ ಮುಗಿಸಿದರೂ ಸೇವ್ ಸೇವೇ. ಸೇವ್ ಸಿಗಲು ಬೇರೆ ದಾರಿಗಳೂ ಇವೆ, ಅವು ಇಲ್ಲಿ ಬೇಡ.

ಈಗ ಹೇಳಿ, ಇಲ್ಲಿ 'ಉಳಿಸಿದ್ದು' ಏನು? ನಮ್ಮ ಕ್ರಿಕೆಟ್ ವರದಿಯಲ್ಲಿ 'ಪಂದ್ಯ ಉಳಿಸಿಕೊಂಡರು' ಅಂದರೆ ಸೋಲುತ್ತಿದ್ದವರು ಹೇಗೋ ಡ್ರಾ ಮಾಡಿಕೊಂಡರು ಅಂತ. ಮುಳುಗುತ್ತಿದ್ದುದನ್ನು ಮೇಲೆತ್ತಿದ ಭಾವ ಅದರಲ್ಲಿದೆ. ಬೇಸ್‌ಬಾಲ್‌ನ ಸೇವ್‌ನಲ್ಲಿ ಯಾರೂ ಮುಳುಗುತ್ತಿರುವುದಿಲ್ಲ. ಎಂಟು ಇನ್ನಿಂಗ್ಸ್ ಮುಗಿದಾಗ ಮುಂದಿರುವ ತಂಡ ನೂರಕ್ಕೆ 95ರ ಆಸುಪಾಸು ಗೆದ್ದೇ ಗೆಲ್ಲುತ್ತದೆ. ಕ್ಲೋಸರ್ ಅನ್ನುವ ಹುದ್ದೆ ಹುಟ್ಟುವ ಮೊದಲೂ ಹೀಗೇ ಇತ್ತು.

'ಮುಗಿಸುವವನು' ಅಂತ ಒಬ್ಬರು ಸೂಚಿಸಿದರು. ಕ್ರಿಕೆಟ್‌ನಲ್ಲಿ ಅದು ಆಗಲೇ ಬ್ಯಾಟ್ಸ್‌ಮನ್ ಪಾಲಾಗಿದೆ, ಧೋನಿಯನ್ನು ಫಿನಿಷರ್ ಅಂದೂ ಅಂದೂ. ಅದೂ ಅಲ್ಲದೆ 'ಅವನನ್ನು ಮುಗಿಸಿದರು' ಅಂದರೆ ಪೊಲೀಸ್ ಕೇಸು! 'ಬಾಗಿಲು ಹಾಕುವವನು' ಇನ್ನೂ ಕೆಟ್ಟದ್ದು. ನಮ್ಮಲ್ಲಿ ಬಾಗಿಲು ಹಾಕಿಕೊಂಡಿತು ಅಂದರೆ ದಿವಾಳಿ. 'ಸಮಾಪ್ತಿಕಾರ' ಅಂತ ಬರೆದವರಿಗೆ ಕೈ ಮುಗಿದೆ.

ನನಗೆ ಹೊಳೆದದ್ದು 'ಕಾಯು'. ಶಿರಸಿ ಕಡೆಯ ನಮ್ಮ ಊರಲ್ಲಿ ಭತ್ತ ತೆನೆ ಕಟ್ಟಿದ ಮೇಲೆ ಮಾಳ ಕಾಯುವುದು ಅಂತ ಇತ್ತು. ಗದ್ದೆ ಅಂಚಿನಲ್ಲಿ ನಾಲ್ಕು ಕಂಬದ ಅಟ್ಟ, ಮೇಲೆ ಸೋಗೆ. ಚಿಕ್ಕವನಿದ್ದಾಗ ದೊಡ್ಡಪ್ಪನ ಜೊತೆ ಒಂದು ರಾತ್ರಿ ಅಲ್ಲಿ ಮಲಗಿದ್ದೆ. ಮಲಗಿದ್ದೆ ಅನ್ನುವುದು ಸುಮ್ನೆ ಮಾತಿಗೆ. ದೊಡ್ಡಪ್ಪ ಬೆಂಕಿ ಹಾಕಿ ಚಳಿ ಕಾಯಿಸುತ್ತ, ಹಂದಿ ಬರುವುದನ್ನೇ ಕಾಯುತ್ತ, ಗದ್ದೆ ಕಾಯುತ್ತಿದ್ದ. ಒಂದೇ ಕೆಲಸದಲ್ಲಿ ಮೂರು 'ಕಾಯು' ಬಂದವು ನೋಡಿ. ಬುಲ್‌ಪೆನ್‌ನಲ್ಲಿ (ಸರದಿಗೆ ಕಾಯುವ ಪಿಚರ್‌ಗಳು ಕೂರುವ ಜಾಗ) ಕೂತ ಕ್ಲೋಸರ್ ಮಾಡುವುದೂ ಇದೇ ಮೂರು. ಏಳೆಂಟು ಇನ್ನಿಂಗ್ಸ್ ಸುಮ್ಮನೆ ಕಾಯುತ್ತಾನೆ, ಆಮೇಲೆ ಚೆಂಡು ಎಸೆದು ಎಸೆದು ಮೈ ಕಾಯಿಸಿಕೊಳ್ಳುತ್ತಾನೆ, ಕೊನೆಗೆ ಬಂದು ಮುನ್ನಡೆ ಕಾಯುತ್ತಾನೆ. ಇಂಗ್ಲಿಷಿನವರಿಗೆ ಇದಕ್ಕೆ ಮೂರು ಪದ ಬೇಕು.

ಉತ್ತು ಬಿತ್ತಿದವರು ಬೇರೆಯವರು, ಕೊನೆಗೆ ಬಂದು ಕಾಯುವವನು ಇವನು. ಈ ಪದ ಇಟ್ಟುಕೊಂಡರೆ ದುಡ್ಡಿನ ಪ್ರಶ್ನೆಯೂ ಬೇರೆಯಾಗಿ ಕಾಣುತ್ತದೆ. ಒಂದು ತಂಡಕ್ಕೆ ವರ್ಷಕ್ಕೆ 162 ಆಟ, ಒಂದಕ್ಕೆ 9 ಇನ್ನಿಂಗ್ಸ್, ಒಟ್ಟು 1,458. ಅದರಲ್ಲಿ ಕ್ಲೋಸರ್ ಎಸೆಯುವುದು 60–70. ಬೆಲೆಬಾಳುವ ಇನ್ನಿಂಗ್ಸ್‌ಗಳು ನಿಜ. ಆದರೆ ಬೆಳೆಯೇ ಇಲ್ಲದ ಗದ್ದೆಯಲ್ಲಿ ಮಾಳದವನು ಏನು ಮಾಡುತ್ತಾನೆ? 2025ರಲ್ಲಿ ಡಿಯಾಸ್ 28 ಸೇವ್ ಮಾಡಿದ, ಸೊಗಸಾಗಿ ಎಸೆದ. ಮೆಟ್ಸ್ 83 ಗೆದ್ದು ಪ್ಲೇಆಫ್‌ಗೂ ಹೋಗಲಿಲ್ಲ. ಅದಕ್ಕೂ ಮುಂಚೆ 2022ರಲ್ಲಿ ಇದೇ ಡಿಯಾಸ್‌ನನ್ನು ಐದು ವರ್ಷಕ್ಕೆ 10.2 ಕೋಟಿ ಡಾಲರ್ ಕೊಟ್ಟು ಉಳಿಸಿಕೊಂಡಿದ್ದರು. ಮರುವರ್ಷ ಮಾರ್ಚ್‌ನಲ್ಲಿ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಅನ್ನುವ ದೇಶ ದೇಶಗಳ ಟೂರ್ನಿಯಲ್ಲಿ ತನ್ನ ಪೋರ್ಟೊರಿಕೊ ಗೆದ್ದ ಖುಷಿಗೆ ಗೆಳೆಯರ ಜೊತೆ ಕುಣಿಯುವಾಗ ಮಂಡಿ ಹೋಯಿತು. ಆ ವರ್ಷ ಮೆಟ್ಸ್‌ಗೆ ಅವನು ಒಂದು ಚೆಂಡೂ ಎಸೆಯಲಿಲ್ಲ.

ನನಗೆ ಇಷ್ಟವಾದ ಉದಾಹರಣೆ ಏಂಜಲ್ಸ್ ತಂಡದ್ದು. 2008ರಲ್ಲಿ ಅವರ ಫ್ರಾನ್ಸಿಸ್ಕೊ ರೋಡ್ರಿಗಸ್ 62 ಸೇವ್ ಮಾಡಿದ. ಹಳೆಯ ದಾಖಲೆ 57. ಅಂಥವನನ್ನು ತಂಡ ಬಿಟ್ಟುಕೊಟ್ಟಿತು! ಅವನು ಮೂರು ವರ್ಷಕ್ಕೆ 3.7 ಕೋಟಿ ಡಾಲರ್‌ಗೆ ಮೆಟ್ಸ್ ಸೇರಿದ. ಏಂಜಲ್ಸ್ ಅದರ ಅರ್ಧಕ್ಕಿಂತ ಕಡಿಮೆಗೆ ಎರಡು ವರ್ಷದ ಮಟ್ಟಿಗೆ ಬ್ರಯನ್ ಫುಯೆಂಟೆಸ್‌ನನ್ನು ತಂದುಕೊಂಡಿತು. ಫುಯೆಂಟೆಸ್ ಏನೂ ಮಹಾ ಚೆನ್ನಾಗಿ ಎಸೆಯಲಿಲ್ಲ. ಆದರೂ 2009ರಲ್ಲಿ ಲೀಗ್‌ನಲ್ಲೇ ಜಾಸ್ತಿ ಸೇವ್ ಅವನದೇ, 48. ತಂಡ 2008ರಲ್ಲಿ 100 ಗೆದ್ದಿತ್ತು, ಆ ವರ್ಷ 97. ಮಾಳದಲ್ಲಿ ಯಾರೋ ಒಬ್ಬ ಎಚ್ಚರವಾಗಿದ್ದರೆ ಸಾಕಿತ್ತು ಅಂತ ಅಲ್ವಾ?

ಹಾಗಂತ ಯಾರನ್ನಾದರೂ ಕೂರಿಸಬಹುದು ಅಂತಲ್ಲ. ಡಿಯಾಸ್‌ನ ಕೈಚಳಕಕ್ಕೆ ನಾನೂ ದುಡ್ಡು ಕೊಡುತ್ತಿದ್ದೆ. ಅವನ ಸೇವ್ ಎಣಿಕೆಗೆ ಕೊಡುತ್ತಿರಲಿಲ್ಲ. ಇದನ್ನು ಹೇಳಿದ್ದಕ್ಕೆ ಅಳಿಯ ಎರಡು ದಿನ ಮಾತು ಬಿಟ್ಟ.

ಇನ್ನೊಂದು ಪದ 'ಪ್ರೂವನ್'. ಅಮೆರಿಕದ ಪತ್ರಿಕೆಗಳಲ್ಲಿ 'ಪ್ರೂವನ್ ಕ್ಲೋಸರ್' ಒಂದು ಬಿರುದೇ ಆಗಿದೆ. 'ಸಾಬೀತಾದ' ಅಂದರೆ ಕಳ್ಳತನದ ನೆನಪು. 'ಪಳಗಿದ' ಅಂದರೆ ಸಕ್ಕರೆಬೈಲಿನ ಆನೆ. ನಾನು 'ನುರಿತ' ಅನ್ನುತ್ತೇನೆ. ಮಾಡಿ ಮಾಡಿ ಕೈ ಕೂಡಿಬಂದಿದೆ ಅಂತ ಮಾತ್ರ ಅದು ಹೇಳುತ್ತದೆ. ನಾಳೆಯ ಬಗ್ಗೆ ಭರವಸೆ ಕೊಡುವುದಿಲ್ಲ.

ನಿಜವಾಗಿ ಸಿಕ್ಕಿಹಾಕಿಕೊಂಡಿರುವುದು 'ಬ್ಲೋನ್ ಸೇವ್' ಹತ್ತಿರ. ಕಾಯಲು ಬಂದವನ ಕೈಯಲ್ಲಿ ಮುನ್ನಡೆ ಹೋದರೆ ಬರೆಯುವ ಲೆಕ್ಕ ಇದು. 2009ರ ಜೂನ್ 12, ಯಾಂಕೀಸ್ ಮೈದಾನ. ಮೆಟ್ಸ್ 8–7 ಮುಂದೆ. ಕೊನೆಯ ಇನ್ನಿಂಗ್ಸ್, ಇಬ್ಬರು ಔಟ್ (ಇನ್ನೊಬ್ಬ ಔಟಾದರೆ ಆಟ ಮುಗಿಯಿತು), ಎಸೆಯುತ್ತಿರುವುದು ಅದೇ ಫ್ರಾನ್ಸಿಸ್ಕೊ ರೋಡ್ರಿಗಸ್. ಅಲೆಕ್ಸ್ ರೋಡ್ರಿಗಸ್ (ಇವನು ಬೇರೆ, ಯಾಂಕೀಸ್‌ನವನು) ಚೆಂಡನ್ನು ನೆಟ್ಟಗೆ ಆಕಾಶಕ್ಕೆ ಹೊಡೆದ. ಶಾಲೆ ಹುಡುಗರೂ ಹಿಡಿಯುವ ಕ್ಯಾಚು. ಕೆಳಗೆ ನಿಂತ ಮೆಟ್ಸ್‌ನ ಲೂಯಿಸ್ ಕ್ಯಾಸ್ಟಿಯೊನ ಗ್ಲವ್‌ಗೆ ಬಿದ್ದ ಚೆಂಡು ಪುಟಿದು ನೆಲಕ್ಕೆ ಬಿತ್ತು. ಇಬ್ಬರು ಓಡಿ ಬಂದರು, ಯಾಂಕೀಸ್ 9–8. ಬ್ಲೋನ್ ಸೇವ್ ಬಿದ್ದದ್ದು ಕ್ಯಾಸ್ಟಿಯೊ ಹೆಸರಿಗಲ್ಲ, ರೋಡ್ರಿಗಸ್ ಹೆಸರಿಗೆ.

ಇದನ್ನು 'ಕಾವಲು ತಪ್ಪಿದ' ಅನ್ನಲು ಮನಸ್ಸು ಬಾರದು, ಅವನು ತಪ್ಪಿರಲಿಲ್ಲ. 'ಕೈಚೆಲ್ಲಿದ' ಅನ್ನುವುದೂ ಸರಿಯಲ್ಲ. ನಮ್ಮ ಕಡೆ ಗದ್ದೆ ಹಾಳಾದರೆ 'ಹಂದಿ ನುಗ್ಗಿತು' ಅನ್ನುತ್ತಿದ್ದರು. ಅದರಲ್ಲಿ ಮಾಳದವನ ಹೆಸರೇ ಬರುವುದಿಲ್ಲ. ಆದರೆ ಅಂಕಿಪಟ್ಟಿಗೆ ಹೆಸರು ಬೇಕಲ್ಲ.

ಬಯಲುಸೀಮೆಯವರನ್ನು ಮುಖ್ಯವಾಗಿ ಕೇಳುತ್ತಿದ್ದೇನೆ. ಜೋಳದ ಹೊಲದಲ್ಲಿ ಅಟ್ಟ ಹತ್ತಿ ಕವಣೆ ಬೀಸಿ ಹಕ್ಕಿ ಓಡಿಸುವವನಿಗೆ ನಿಮ್ಮಲ್ಲಿ ಏನಂತಾರೆ? ಅವನಾದರೆ ಕಾಯುವುದರ ಜೊತೆ ಎಸೆಯುತ್ತಲೂ ಇರುತ್ತಾನೆ. ಅವನು ಕಾಯುತ್ತಿದ್ದಾಗಲೂ ಹಕ್ಕಿ ತೆನೆ ತಿಂದು ಹೋದರೆ ಅದಕ್ಕೆ ಬೇರೆ ಮಾತು ಉಂಟೇ?