ಪ್ಯಾಂಗಾಂಗ್ ದಡದಲ್ಲಿ ಸ್ವಂತ ಟೆಂಟ್: ಮರಳಲ್ಲಿ ಗೂಟ ನಿಲ್ಲುತ್ತಾ, ರಾತ್ರಿ ಚಳಿಗೆ ಏನು ಬೇಕು?

ಮಾಗಡಿರಸ್ತೆ ಕೇಳಿದ್ದು:

ಸೆಪ್ಟೆಂಬರ್ ಎರಡನೇ ವಾರ ಬೆಂಗಳೂರಿನಿಂದ ನಾವು ನಾಲ್ವರು ವಿಮಾನದಲ್ಲಿ ಲೇಹ್‌ಗೆ ಹೋಗಿ, ಅಲ್ಲಿಂದ ಟ್ಯಾಕ್ಸಿ ಮಾಡಿಕೊಂಡು ಪ್ಯಾಂಗಾಂಗ್ ಸರೋವರಕ್ಕೆ ಹೋಗುವವರಿದ್ದೇವೆ. ಹಾಸಿಗೆ-ಊಟ ಎಲ್ಲ ಕೊಡುವ ಕ್ಯಾಂಪ್ ಬೇಡ. ನಮ್ಮದೇ ಟೆಂಟ್ ಹಾಕಿ ಎರಡು ರಾತ್ರಿ ನೀರಿನ ಪಕ್ಕದಲ್ಲೇ ಇರಬೇಕು ಅಂತ ಆಸೆ.

ಕೈಯಲ್ಲಿರುವುದು: ಇಬ್ಬರು ಮಲಗುವ ಡೋಮ್ ಟೆಂಟ್ ಎರಡು, ಅದರ ಜೊತೆ ಬಂದ ತೆಳು ಕಂಬಿಯ ಗೂಟಗಳು, ಫೋಮ್ ಮ್ಯಾಟ್, ಮೇಲೆ ‘0 ಡಿಗ್ರಿ’ ಅಂತ ಬರೆದಿರುವ ಸ್ಲೀಪಿಂಗ್ ಬ್ಯಾಗ್, ಒಂದು ಬ್ಯುಟೇನ್ ಸ್ಟವ್. ರಾಮನಗರದ ಕಡೆ ಇವೆಲ್ಲ ಧಾರಾಳವಾಗಿ ಸಾಕಾಗುತ್ತವೆ. ಅಲ್ಲಿಗೆ ಏನು ಬದಲಿಸಬೇಕು? ಟೆಂಟ್ ಎಲ್ಲಿ ಹಾಕಬೇಕು? ಲೇಹ್ ಮುಟ್ಟಿದ ಮಾರನೇ ದಿನವೇ ಹೊರಡಬಹುದಾ? ಸರೋವರದ ನೀರನ್ನು ಫಿಲ್ಟರ್ ಮಾಡಿ ಕುಡಿಯಬಹುದಾ?

---

ಗೂಟ_ಹಗ್ಗ ಉತ್ತರ:

ಮೊದಲು ಜಾಗದ ವಿಷಯ. ಅಲ್ಲಿ ಎಲ್ಲಕ್ಕಿಂತ ಕೆಟ್ಟ ಜಾಗ ಅಂದರೆ ನೀವು ಆಸೆಪಟ್ಟಿರುವ ನೀರಿನ ಅಂಚೇ. ಸರೋವರ ಸುಮಾರು 134 ಕಿ.ಮೀ. ಉದ್ದ, ಅಡ್ಡಕ್ಕೆ 5 ಕಿ.ಮೀ.ವರೆಗೆ. ಅಷ್ಟು ಬಯಲು ನೀರಿನ ಮೇಲೆ ಬೀಸಿ ಬರುವ ಗಾಳಿಯನ್ನು ತಡೆಯಲು ಒಂದು ಗಿಡವೂ ಇಲ್ಲ. ಬೆಳಿಗ್ಗೆ ನೀರು ಕನ್ನಡಿ ಹಾಗೆ ನಿಂತಿರುತ್ತದೆ, ಅದನ್ನು ನೋಡಿ ಮೋಸಹೋಗಬೇಡಿ. ಬಿಸಿಲೇರಿ ಸುತ್ತಲಿನ ಕಲ್ಲುನೆಲ ಕಾದ ಮೇಲೆ, ಮಧ್ಯಾಹ್ನದಿಂದ ಸಂಜೆವರೆಗೆ ಗಾಳಿ ಜೋರು. ಕತ್ತಲಾದ ಮೇಲೆ ದಿಕ್ಕು ಬದಲಾಗಿ ಬೆಟ್ಟದ ಕಣಿವೆಗಳಿಂದ ತಣ್ಣನೆ ಗಾಳಿ ಕೆಳಕ್ಕೆ ಇಳಿಯುತ್ತದೆ. ಹಾಗಾಗಿ ಒಂದೇ ದಿಕ್ಕನ್ನು ನಂಬಿ ಹಗ್ಗ ಕಟ್ಟಿದರೆ ಅರ್ಧರಾತ್ರಿಯಲ್ಲಿ ಟೆಂಟ್ ಮೈಮೇಲೆ ಬೀಳುತ್ತದೆ. ನಾಲ್ಕೂ ಕಡೆ ಹಗ್ಗ ಬೇಕು.

ದಡದ ಸ್ಪಾಂಗ್ಮಿಕ್ ಹಳ್ಳಿ ದಾಟಿ ಮುಂದೆ ಮಾನ್, ಮೆರಾಕ್ ಹಳ್ಳಿಗಳಿವೆ. ಅಲ್ಲಿ ಹೋಮ್‌ಸ್ಟೇ ನಡೆಸುವವರನ್ನು ಕೇಳಿ, ದುಡ್ಡು ಕೊಟ್ಟು, ಅವರ ಹೊಲದ ಕಲ್ಲಿನ ಪಾಗಾರದ ಮರೆಯಲ್ಲಿ ಟೆಂಟ್ ಹಾಕುವುದು ಸರಿಯಾದ ದಾರಿ. ಪಾಗಾರ ಎದೆಮಟ್ಟ ಇದ್ದರೂ ಗಾಳಿಯ ಅರ್ಧ ಜೋರು ಮುರಿಯುತ್ತದೆ. ಕುಡಿಯುವ ನೀರು, ಶೌಚಾಲಯ ಎರಡೂ ಅಲ್ಲೇ ಸಿಗುತ್ತವೆ. ನೀರಿನ ತನಕ ನಡೆದು ಹೋಗಿ ಎಷ್ಟು ಹೊತ್ತಾದರೂ ಕೂತು ಬನ್ನಿ, ಮಲಗುವುದು ಮಾತ್ರ ಮೇಲೆ. ಕೇಳದೆ ಯಾವ ಬಯಲಲ್ಲೂ ಟೆಂಟ್ ಬಿಚ್ಚಬೇಡಿ, ಖಾಲಿ ಕಾಣುವ ಜಾಗಕ್ಕೂ ಹಳ್ಳಿಯವರ ಹಕ್ಕಿರುತ್ತದೆ. ಗಡಿ ಪ್ರದೇಶ ಬೇರೆ.

ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದಿಲ್ಲ. ಹಳ್ಳಿಗಳು ಕೂತಿರುವುದೇ ಬೆಟ್ಟದಿಂದ ಹಳ್ಳಗಳು ತಂದು ಬೀಸಣಿಗೆಯಂತೆ ಹರಡಿದ ಕಲ್ಲು-ಮಣ್ಣಿನ ಮೇಲೆ. ನಡುವೆ ನುಣ್ಣಗೆ, ಸಪಾಟಾಗಿ ಕಾಣುವ ಒಣ ಕಾಲುವೆಗಳು ಟೆಂಟಿಗೆ ಹೇಳಿಮಾಡಿಸಿದ ಹಾಗಿರುತ್ತವೆ. ಅಲ್ಲಿ ಹಾಕಲೇಬೇಡಿ. ಹಿಮ ಕರಗಿದ ನೀರು ಬೆಳಿಗ್ಗೆ ಇಲ್ಲದೆ ಇಳಿಹೊತ್ತಿಗೆ ಏರುತ್ತದೆ. ಮೇಲೆಲ್ಲೋ ಮೋಡ ಒಡೆದರೆ ಮಣ್ಣು-ಕಲ್ಲು ಸಮೇತ ಬರುತ್ತದೆ. ಲೇಹ್‌ನಲ್ಲಿ 2010ರ ಆಗಸ್ಟ್‌ನಲ್ಲಿ ಆದ ಅನಾಹುತ ಇಂಥದ್ದೇ.

ಈಗ ಗೂಟ. ರಾಮನಗರದ ಕೆಮ್ಮಣ್ಣು ಕಂಬಿಯನ್ನು ಕಚ್ಚಿ ಹಿಡಿಯುತ್ತದೆ. ಪ್ಯಾಂಗಾಂಗ್ ದಡದ ಮರಳು, ಗರಸು ಹಾಗಲ್ಲ. ಬೆರಳಲ್ಲಿ ಎಳೆದರೂ ಕಂಬಿ ಎದ್ದು ಬರುತ್ತದೆ. ಒಳಗೆ ಕಲ್ಲು ಸಿಕ್ಕರೆ ಬಾಗುತ್ತದೆ. ಆ ಗೂಟಗಳನ್ನು ಮನೆಯಲ್ಲೇ ಬಿಡಿ. ಬದಲಿಗೆ 5 ಕೆ.ಜಿ. ಅಕ್ಕಿಯ ಖಾಲಿ ಚೀಲಗಳು, ಟೆಂಟಿಗೆ ಎಂಟರಂತೆ ಹದಿನಾರು. ತೂಕವೇ ಇಲ್ಲ. ಅಲ್ಲಿ ಗರಸು ತುಂಬಿ, ಬಾಯಿ ಕಟ್ಟಿ, ನಡುವಿಗೆ ಹಗ್ಗದ ಕುಣಿಕೆ ಹಾಕಿ. ಒಂದಡಿಗಿಂತ ಆಳದ ಗುಂಡಿಯಲ್ಲಿ ಚೀಲವನ್ನು ಹಗ್ಗಕ್ಕೆ ಅಡ್ಡಲಾಗಿ ಮಲಗಿಸಿ. ಹಗ್ಗ ಹೊರಬರುವ ಕಡೆ ಸಣ್ಣ ಓರೆ ಸೀಳು ಮಾಡಿ. ಸೀಳಿಲ್ಲದೆ ಹಗ್ಗ ನೆಟ್ಟಗೆ ಮೇಲಕ್ಕೆ ಬಂದರೆ ಗಾಳಿ ಎಳೆದಾಗಲೆಲ್ಲ ಚೀಲವನ್ನೇ ಎತ್ತುತ್ತದೆ. ಮಣ್ಣು ಮುಚ್ಚಿ, ತುಳಿದು, ಮೇಲೊಂದು ಚಪ್ಪಡಿ ಇಡಿ.

ಗರಸು ಗಟ್ಟಿ ಇದ್ದು ತೋಡಲು ಆಗದಿದ್ದರೆ ಕಲ್ಲಿಗೆ ಕಟ್ಟಿ. ಆದರೆ ದೊಡ್ಡ ಕಲ್ಲಿಗೆ ಹಗ್ಗ ಸುತ್ತಬೇಡಿ, ಅಂಚಿಗೆ ಉಜ್ಜಿ ರಾತ್ರಿ ಬೆಳಗಾಗುವುದರೊಳಗೆ ಹರಿಯುತ್ತದೆ. ಮುಷ್ಟಿ ಗಾತ್ರದ ನುಣುಪು ಕಲ್ಲಿಗೆ ಹಗ್ಗ ಕಟ್ಟಿ, ಅದರ ಮುಂದೆ, ಅಂದರೆ ಟೆಂಟಿನ ಕಡೆಗೆ, ಹಗ್ಗದ ಮೇಲೆ 15–20 ಕೆ.ಜಿ.ಯ ಕಲ್ಲು ಹೇರಿ. ಎಳೆತ ಬಿದ್ದಾಗ ಸಣ್ಣ ಕಲ್ಲು ದೊಡ್ಡದಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. 3 ಮಿ.ಮೀ. ದಪ್ಪದ ಹಗ್ಗ, ಒಂದೊಂದು 3 ಮೀಟರ್‌ನಂತೆ, ಟೆಂಟಿಗೆ ಆರಾದರೂ ಇರಲಿ. ಹೊರಡುವಾಗ ಚೀಲ ಖಾಲಿ ಮಾಡಿ ವಾಪಸ್ ತನ್ನಿ, ಕಲ್ಲುಗಳನ್ನು ಎಲ್ಲಿಂದ ಎತ್ತಿದ್ದಿರೋ ಅಲ್ಲಿಗೇ ಇಡಿ. ಹೋಗುವ ಮೊದಲು ಮನೆ ಕಟ್ಟುವ ಕಡೆ ಎಂ-ಸ್ಯಾಂಡ್ ಗುಡ್ಡೆ ಸಿಕ್ಕರೆ, ಕೇಳಿಕೊಂಡು ಒಮ್ಮೆ ಚೀಲ ಹೂತು ಎಳೆದು ನೋಡಿ.

---

ಬಸವನಗುಡಿ_ವೈದ್ಯೆ ಉತ್ತರ:

ಟೆಂಟಿಗಿಂತ ಮುಂಚೆ ಉಸಿರಿನ ಲೆಕ್ಕ ಆಗಲಿ. ಮಾರನೇ ದಿನ ಹೊರಡಬಹುದಾ ಅಂದಿರಿ. ಖಂಡಿತ ಬೇಡ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್, ಲೇಹ್ 3,500, ಪ್ಯಾಂಗಾಂಗ್ ಸುಮಾರು 4,250. ಸರೋವರದ ಹತ್ತಿರ ಗಾಳಿಯ ಒತ್ತಡ ಸಮುದ್ರಮಟ್ಟದ ನೂರಕ್ಕೆ ಅರವತ್ತರಷ್ಟೇ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ರಾತ್ರಿಗೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು ಎಂಬುದು ಎಲ್ಲರೂ ಒಪ್ಪಿದ ಸೂತ್ರ. ವಿಮಾನದಲ್ಲಿ ಇಳಿದ ನೀವು ಅದನ್ನು ಮೊದಲ ದಿನವೇ ಮುರಿದಿರುತ್ತೀರಿ. ಹಾಗಾಗಿ ಲೇಹ್‌ನಲ್ಲಿ ಕನಿಷ್ಠ ಮೂರು ರಾತ್ರಿ, ಅದರಲ್ಲಿ ಮೊದಲ ದಿನ ಬರೀ ವಿಶ್ರಾಂತಿ. ಮುಂದಿನ ರಾತ್ರಿ ಸುಮಾರು 3,950 ಮೀಟರ್‌ನಲ್ಲಿರುವ ತಾಂಗ್ತ್ಸೆಯಲ್ಲಿ ಮಲಗಿ, ಆಮೇಲೆ ಸರೋವರ.

ಬಹಳ ಜನ ಯೋಚಿಸದ ಒಂದು ವಿಷಯ ಇದೆ. ಪ್ಯಾಂಗಾಂಗ್‌ನಲ್ಲಿ ರಾತ್ರಿ ಯಾರಿಗಾದರೂ ಎತ್ತರದ ಕಾಯಿಲೆ ಜೋರಾದರೆ ‘ಕೆಳಗೆ ಇಳಿಸಿ’ ಎನ್ನುವುದೇ ಚಿಕಿತ್ಸೆ. ಆದರೆ ಲೇಹ್‌ಗೆ ಇಳಿಯಲು ಮೊದಲು 5,300 ಮೀಟರ್ ಮೀರಿದ ಚಾಂಗ್ ಲಾ ಘಾಟಿ ಹತ್ತಬೇಕು! ಅದಕ್ಕೇ ಟ್ಯಾಕ್ಸಿ ರಾತ್ರಿ ನಿಮ್ಮ ಜೊತೆಯಲ್ಲೇ ಇರಬೇಕು, ಮೊದಲ ಗುರಿ ತಾಂಗ್ತ್ಸೆ. ಅಲ್ಲಿ ಸರ್ಕಾರಿ ಆರೋಗ್ಯ ಕೇಂದ್ರ ಇದೆ. ಅಲ್ಲಿಂದ ಶ್ಯೋಕ್ ನದಿಯ ದಾರಿ ಹಿಡಿದರೆ ಚಾಂಗ್ ಲಾ ಹತ್ತದೆ ನುಬ್ರಾ ಕಡೆ ಕೆಳಗಿಳಿಯಬಹುದು, ಆದರೆ ನೀರು ಬಂದಾಗ ಆ ರಸ್ತೆ ಕೊಚ್ಚಿಹೋಗುವುದುಂಟು. ಅದು ತೆರೆದಿದೆಯೇ ಎಂದು ಚಾಲಕರನ್ನು ಹೊರಡುವ ದಿನವೇ ಕೇಳಿಕೊಳ್ಳಿ.

ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆ ಸಾಮಾನ್ಯವಾಗಿ 125 ಮಿ.ಗ್ರಾಂ. ದಿನಕ್ಕೆ ಎರಡು ಸಲ, ಏರುವ ಹಿಂದಿನ ದಿನದಿಂದ. ಸಲ್ಫಾ ಅಲರ್ಜಿ, ಕಿಡ್ನಿ ತೊಂದರೆ ಇದ್ದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು. ನಿಜ ಹೇಳಬೇಕೆಂದರೆ ಎಲ್ಲರೂ ಕೇಳಿಯೇ ತೆಗೆದುಕೊಳ್ಳಬೇಕು. ಬೆರಳ ತುದಿ ಜುಮ್ಮೆನ್ನುವುದು, ಪದೇಪದೇ ಮೂತ್ರ ಬರುವುದು ಅದರ ಮಾಮೂಲು ಪರಿಣಾಮ, ಹೆದರಬೇಡಿ. ತಲೆನೋವು, ಹಸಿವಿಲ್ಲದಿರುವುದು ಇದ್ದರೆ ಇನ್ನೂ ಮೇಲೆ ಹೋಗಬೇಡಿ. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು, ನೇರ ಗೆರೆಯಲ್ಲಿ ನಡೆಯಲಾಗದೆ ತಡವರಿಸುವುದು, ಮಾತು ಗಲಿಬಿಲಿಯಾಗುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ಮದ್ಯ, ನಿದ್ದೆ ಮಾತ್ರೆ ಎರಡೂ ದೂರವಿರಲಿ.

---

ಹುರಿಹಿಟ್ಟು ಉತ್ತರ:

ನೀರು, ಅಡುಗೆ ನನ್ನ ಪಾಲಿಗೆ.

ಪ್ಯಾಂಗಾಂಗ್‌ನಿಂದ ಹೊರಕ್ಕೆ ಹರಿಯುವ ನದಿ ಇಲ್ಲ. ಬಂದ ನೀರು ಆವಿಯಾಗಿ ಉಪ್ಪು ಉಳಿಯುತ್ತದೆ. ಫಿಲ್ಟರ್, ಯುವಿ, ಕ್ಲೋರಿನ್ ಮಾತ್ರೆ ಯಾವುದೂ ಕರಗಿದ ಉಪ್ಪನ್ನು ತೆಗೆಯುವುದಿಲ್ಲ. ಅಡುಗೆಗೂ ಬೇಡ. ಹಳ್ಳಿಯ ಒರತೆ ನೀರು ತನ್ನಿ, ಅಡುಗೆ ಸೇರಿ ತಲೆಗೆ ದಿನಕ್ಕೆ 5 ಲೀಟರ್ ಹಿಡಿಯಿರಿ. ಆ ಎತ್ತರದಲ್ಲಿ ನೀರು ಕುದಿಯುವುದು ಸುಮಾರು 86 ಡಿಗ್ರಿಗೇ. ಅಷ್ಟಕ್ಕೂ ರೋಗಾಣು ಸಾಯುತ್ತವೆ, ಆದರೆ ಮೂರು ನಿಮಿಷ ಕುದಿಸಿ. ರಾತ್ರಿ ಬಾಟಲಿಯನ್ನು ತಲೆಕೆಳಗಾಗಿ ಇಡಿ. ಮಂಜುಗಡ್ಡೆ ಮೇಲಿನಿಂದ ಕಟ್ಟುತ್ತದೆ, ಮುಚ್ಚಳದ ಬಾಯಿ ತೆರೆದೇ ಉಳಿಯುತ್ತದೆ.

86 ಡಿಗ್ರಿಯಲ್ಲಿ ಬೇಳೆ ಬೇಯುವುದೇ ಇಲ್ಲ, ಅನ್ನ ಗಟ್ಟಿಕಾಳಾಗಿ ಉಳಿಯುತ್ತದೆ. ಆದ್ದರಿಂದ 3 ಲೀಟರಿನ ಕುಕ್ಕರ್ ಹೊರಿ ಅನ್ನುವವರಿದ್ದಾರೆ. ನಾಲ್ಕು ಜನ ಎರಡು ರಾತ್ರಿಗೆ ಅದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಬೇಯಿಸಬೇಕಿಲ್ಲದ್ದನ್ನು ಒಯ್ಯಿರಿ: ತೆಳು ಅವಲಕ್ಕಿ, ಗೊಜ್ಜವಲಕ್ಕಿ ಪುಡಿ, ರಾಗಿ ಹುರಿಹಿಟ್ಟು, ಹುರಿದ ಶಾವಿಗೆ, ಚಟ್ನಿಪುಡಿ, ಬೆಲ್ಲ, ಕಡಲೆಬೀಜ. ಬಿಸಿನೀರು ಹಾಕಿ ಹತ್ತು ನಿಮಿಷ ಮುಚ್ಚಿಟ್ಟರೆ ಆಯಿತು. ಎತ್ತರದಲ್ಲಿ ಹಸಿವು ಸಾಯುತ್ತದೆ, ಆಗ ಬಾಯಿಗೆ ಒಗ್ಗುವುದು ನಮ್ಮ ಹುಳಿ-ಖಾರವೇ. ಗಾಳಿ ತುಂಬಿದ ಚಿಪ್ಸ್ ಪ್ಯಾಕೆಟ್‌ಗಳು ಉಬ್ಬಿ ಒಡೆಯುತ್ತವೆ, ಸೂಜಿಯಲ್ಲಿ ಚುಚ್ಚಿ ಟೇಪ್ ಹಚ್ಚಿ.

ಗ್ಯಾಸ್ ಕ್ಯಾನ್ ವಿಮಾನದಲ್ಲಿ ಒಯ್ಯುವಂತಿಲ್ಲ. ಕೈಚೀಲದಲ್ಲೂ ಇಲ್ಲ, ಲಗೇಜಿನಲ್ಲೂ ಇಲ್ಲ. ಲೈಟರ್, ಬೆಂಕಿಪೊಟ್ಟಣವೂ ಅಷ್ಟೇ. ಲೇಹ್ ಪೇಟೆಯಲ್ಲಿ ಕೊಳ್ಳಿ. ಸ್ಟವ್ ಮಾತ್ರ ಗ್ಯಾಸಿನ ವಾಸನೆ ಇಲ್ಲದಂತೆ ಒರೆಸಿ ಲಗೇಜಿಗೆ ಹಾಕಿ. ಬರೀ ಬ್ಯುಟೇನ್ ಸಮುದ್ರಮಟ್ಟದಲ್ಲಿ -0.5 ಡಿಗ್ರಿಗೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಎತ್ತರದಲ್ಲಿ ಹೊರಗಿನ ಒತ್ತಡ ಕಡಿಮೆ ಇರುವುದರಿಂದ ಇನ್ನಷ್ಟು ಚಳಿಗೂ ಉರಿಯುತ್ತದೆ. ಆದರೆ ಉರಿಯುತ್ತಾ ಕ್ಯಾನ್ ತಾನೇ ತಣ್ಣಗಾಗಿ ಬೆಳಗಿನ ಹೊತ್ತು ಜ್ವಾಲೆ ಸೊರಗುತ್ತದೆ. ಐಸೊಬ್ಯುಟೇನ್-ಪ್ರೊಪೇನ್ ಮಿಶ್ರಣ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಸಿಗದಿದ್ದರೆ ಕ್ಯಾನನ್ನು ಉಗುರುಬೆಚ್ಚಗಿನ ನೀರಿನ ತಟ್ಟೆಯಲ್ಲಿ ನಿಲ್ಲಿಸಿ. ಗಾಳಿಗೆ ಅಡ್ಡಲಾಗಿ ತಗಡು ಕಟ್ಟುವಾಗ ಕ್ಯಾನನ್ನು ಪೂರ್ತಿ ಸುತ್ತುವರಿಯಬೇಡಿ, ಬಿಸಿಯಾಗಿ ಸಿಡಿಯುವ ಅಪಾಯ ಇದೆ.

ಚಳಿ ಎಂದು ಟೆಂಟಿನೊಳಗೆ ಸ್ಟವ್ ಹಚ್ಚಲೇಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಅದರ ತಲೆನೋವು, ವಾಕರಿಕೆ ಎತ್ತರದ ಕಾಯಿಲೆಯ ಹಾಗೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಕ್ಯಾಂಪ್‌ಫೈರ್ ಆಸೆಯನ್ನೂ ಬಿಡಿ. ಮರವೇ ಇಲ್ಲದ ಊರು ಅದು. ನೀವು ಕೊಂಡು ಉರಿಸುವ ಬೆರಣಿ ಅಲ್ಲಿನವರು ಚಳಿಗಾಲಕ್ಕೆ ಕೂಡಿಟ್ಟದ್ದು.

---

ಮಾಗಡಿರಸ್ತೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಾಂಗ್ತ್ಸೆ ರಾತ್ರಿ ಸೇರಿಸಿಕೊಂಡೆವು, ಮೆರಾಕ್‌ನಲ್ಲಿ ಹೋಮ್‌ಸ್ಟೇಯವರನ್ನು ಕೇಳಿಯೇ ಟೆಂಟ್ ಹಾಕುತ್ತೇವೆ. ಇನ್ನೆರಡು ಪ್ರಶ್ನೆ. ಸ್ಲೀಪಿಂಗ್ ಬ್ಯಾಗ್, ಮ್ಯಾಟ್ ಸಾಕಾ? ಪ್ಯಾಂಗಾಂಗ್‌ನಲ್ಲಿ ಗದ್ದಲ ಜಾಸ್ತಿ, ತ್ಸೊ ಮೊರಿರಿ ದಡ ಆಗುತ್ತಾ ಅಂತ ಗೆಳೆಯರೊಬ್ಬರು ಕೇಳುತ್ತಿದ್ದಾರೆ.

---

ಕಲ್ಲುಹಾದಿ ಉತ್ತರ:

ತ್ಸೊ ಮೊರಿರಿ ದಡದಲ್ಲಿ ಟೆಂಟ್ ಹಾಕುವಂತಿಲ್ಲ. ಅದು 2002ರಿಂದ ರಾಮ್ಸರ್ ಪಟ್ಟಿಯಲ್ಲಿರುವ, ಅಂದರೆ ಅಂತರರಾಷ್ಟ್ರೀಯ ಮಹತ್ವದ್ದೆಂದು ಗುರುತಿಸಿದ ಜೌಗುಪ್ರದೇಶ. ಪಟ್ಟೆತಲೆ ಹೆಬ್ಬಾತು, ಕಪ್ಪುಕತ್ತಿನ ಕ್ರೌಂಚ ಮರಿ ಮಾಡುವ ಜಾಗ. ಉಳಿಯುವುದಾದರೆ ಕೊರ್ಜೋಕ್ ಹಳ್ಳಿಯಲ್ಲೇ ಉಳಿಯಬೇಕು. ಮೇಲಾಗಿ ಅದು 4,522 ಮೀಟರ್, ಮೊದಲ ಸಲಕ್ಕೆ ಇನ್ನೂ ಕಷ್ಟ. ಪ್ಯಾಂಗಾಂಗ್‌ನಲ್ಲೂ ಗಾಡಿಯನ್ನು ರಸ್ತೆ ಬಿಟ್ಟು ದಡಕ್ಕೆ ಇಳಿಸಬೇಡಿ ಎಂದು ಚಾಲಕರಿಗೆ ಮೊದಲೇ ಹೇಳಿಬಿಡಿ. ಒಣಗಿದಂತೆ ಕಾಣುವ ಹೆಪ್ಪಿನ ಕೆಳಗೆ ಒದ್ದೆ ಮಣ್ಣಿರುತ್ತದೆ, ಚಕ್ರ ಹೂತರೆ ಎಳೆಯಲು ಇನ್ನೊಂದು ಗಾಡಿ ಬೇಕು. ಮಳೆ ಇಲ್ಲದ ನೆಲದಲ್ಲಿ ಆ ಗುರುತು ವರ್ಷಗಟ್ಟಲೆ ಅಳಿಯುವುದಿಲ್ಲ.

ಮಲಗುವ ವಿಷಯಕ್ಕೆ ಬಂದರೆ, ಸೆಪ್ಟೆಂಬರ್ ಮಧ್ಯದಲ್ಲಿ ಅಲ್ಲಿ ರಾತ್ರಿ ಸೊನ್ನೆಗಿಂತ ಕೆಳಗಿಳಿಯುವುದು ಮಾಮೂಲು. ಬ್ಯಾಗಿನ ಚೀಟಿಯಲ್ಲಿ ‘ಕಂಫರ್ಟ್’, ‘ಲಿಮಿಟ್’, ‘ಎಕ್ಸ್‌ಟ್ರೀಮ್’ ಎಂದು ಮೂರು ಅಂಕಿ ಇರುತ್ತವೆ. ನಂಬಬೇಕಾದದ್ದು ಕಂಫರ್ಟ್ ಒಂದನ್ನೇ. ‘ಎಕ್ಸ್‌ಟ್ರೀಮ್’ ಅಂದರೆ ಜೀವ ಉಳಿದೀತು, ನಿದ್ದೆ ಬರದು. ನಿಮ್ಮ ‘0 ಡಿಗ್ರಿ’ ಯಾವುದು ಎಂದು ಮೊದಲು ನೋಡಿ. ಕಂಫರ್ಟ್ -10 ಇರುವುದನ್ನು ಬಾಡಿಗೆಗೆ ತೆಗೆದುಕೊಳ್ಳಿ, ಬೆಂಗಳೂರಿನಲ್ಲೂ ಸಿಗುತ್ತದೆ, ಲೇಹ್‌ನಲ್ಲೂ ಸಿಗುತ್ತದೆ. ಜಿಪ್ ಪೂರ್ತಿ ಎಳೆದು ನೋಡಿ ತನ್ನಿ.

ಬ್ಯಾಗಿಗಿಂತ ಜನ ಎಡವುವುದು ಮ್ಯಾಟ್‌ನಲ್ಲಿ. ಮೈಭಾರಕ್ಕೆ ಬ್ಯಾಗಿನ ಕೆಳಭಾಗದ ತುಪ್ಪಳ ಅಮುಕಿಹೋಗಿ, ನೆಲ ನೇರವಾಗಿ ಬೆನ್ನಿನ ಶಾಖ ಹೀರುತ್ತದೆ. ಮಡಚುವ ಫೋಮ್ ಮ್ಯಾಟ್‌ನ ಆರ್-ಮೌಲ್ಯ (ಶಾಖ ಸೋರದಂತೆ ತಡೆಯುವ ಶಕ್ತಿಯ ಅಳತೆ) ಸುಮಾರು 2, ಅಲ್ಲಿಗೆ 4ರ ಮೇಲೆ ಬೇಕು. ಮೌಲ್ಯಗಳು ಕೂಡುತ್ತವೆ, ಆದ್ದರಿಂದ ಎರಡು ಫೋಮ್ ಒಂದರ ಮೇಲೊಂದು ಹಾಸಿದರೂ ನಡೆಯುತ್ತದೆ. ಗಾಳಿ ತುಂಬುವ ಮ್ಯಾಟ್ ತಂದರೆ ಅದರ ಕೆಳಗೆ ಒಂದು ಫೋಮ್ ಇರಲಿ, ಗರಸು ಚುಚ್ಚುತ್ತದೆ. ಹಗಲು ಬಿಸಿಲಲ್ಲಿ ಅದನ್ನು ಬಿಗಿಯಾಗಿ ಬಿಟ್ಟು ಹೋಗಬೇಡಿ, ಒಳಗಿನ ಗಾಳಿ ಹಿಗ್ಗಿ ಬೆಸುಗೆ ಬಿಡುತ್ತದೆ.

ಚಳಿ ಎಂದು ಟೆಂಟಿನ ಗಾಳಿಕಿಂಡಿ ಮುಚ್ಚಿದರೆ ಉಸಿರಿನ ತೇವ ಒಳಗೋಡೆಯಲ್ಲಿ ಹೆಪ್ಪುಗಟ್ಟಿ, ಬೆಳಿಗ್ಗೆ ಕರಗಿ ಬ್ಯಾಗಿನ ಮೇಲೆ ಸುರಿಯುತ್ತದೆ. ಎರಡನೇ ರಾತ್ರಿ ಒದ್ದೆ ಬ್ಯಾಗಿನಲ್ಲಿ ಮಲಗಬೇಕಾಗುತ್ತದೆ. ಮೇಲಿನ ಕಿಂಡಿ ತೆರೆದೇ ಇರಲಿ. ಫೋನ್, ಪವರ್ ಬ್ಯಾಂಕ್, ನಾಳೆಯ ಕಾಲುಚೀಲ ಬ್ಯಾಗಿನೊಳಗೆ. ಪವರ್ ಬ್ಯಾಂಕ್ ವಿಮಾನದಲ್ಲಿ ಕೈಚೀಲದಲ್ಲೇ ಹೋಗಬೇಕು. ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ನಾಲ್ವರಲ್ಲಿ ಇಬ್ಬರಿಗಾದರೂ ಪೋಸ್ಟ್‌ಪೇಯ್ಡ್ ಇರಲಿ.

ಶೌಚಕ್ಕೆ ಹೋಮ್‌ಸ್ಟೇಯ ಒಣ ಶೌಚಾಲಯವನ್ನೇ ಬಳಸಿ, ಟಿಶ್ಯೂ ಅದರೊಳಗೆ ಹಾಕದೆ ಬೇರೆ ಚೀಲಕ್ಕೆ. ಬಯಲಲ್ಲಿ ಹೂತದ್ದು ನಮ್ಮ ಮಲೆನಾಡಿನ ಹಾಗೆ ಕೊಳೆಯುವುದಿಲ್ಲ, ಚಳಿ-ಒಣಗಾಳಿಯಲ್ಲಿ ಹಾಗೇ ಉಳಿಯುತ್ತದೆ. ಪಾತ್ರೆಯನ್ನು ಸರೋವರದಲ್ಲಿ ತೊಳೆಯಬೇಡಿ, ಯಾವ ಸೋಪಾದರೂ ಸರಿ. ಉಳಿದ ಊಟವನ್ನು ಹೊರಗಿಡಬೇಡಿ. ಅಲ್ಲಿ ಬೀದಿನಾಯಿಗಳ ಹಿಂಡು ಇದೆ, ಎಂಜಲಿಗೆ ಒಗ್ಗಿದವು ನೆಲದಲ್ಲಿ ಗೂಡು ಮಾಡುವ ಹಕ್ಕಿಗಳ ಮೊಟ್ಟೆ-ಮರಿಗಳಿಗೂ ಬಾಯಿ ಹಾಕುತ್ತವೆ. ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿ ಎರಡು ಇದ್ದರೆ ಸಾಕು, ರಾತ್ರಿ ಅದನ್ನು ಟ್ಯಾಕ್ಸಿಯೊಳಗೆ ಇಡಿ.