ದಿನಕ್ಕೆ ಎಂಟು ಕಿಲೋಮೀಟರ್ ಓಡುವ ಡೀಸೆಲ್ ಗಾಡಿ: ಇಟ್ಟುಕೊಳ್ಳೋದಾ, ಕೊಡೋದಾ?

ಬೆಣ್ಣೆನಗರಿ:
ಎಲ್ಲರಿಗೂ ನಮಸ್ಕಾರ. ದಾವಣಗೆರೆ ನಿಜಲಿಂಗಪ್ಪ ಬಡಾವಣೆಯಲ್ಲಿ ನಮ್ಮ ಮನೆ. ಏಳು ಸೀಟಿನ ಡೀಸೆಲ್ ಎಸ್‌ಯುವಿ ಇದೆ, 2020ರ ದೀಪಾವಳಿಗೆ ತಂದಿದ್ದು, ಬಿಎಸ್6 ಅನ್ನುವ ಹೊಸ ಹೊಗೆ ನಿಯಮದ ಗಾಡಿ. ಆಗ ಅಪ್ಪ ದಿನ ಬಿಟ್ಟು ದಿನ ಹೊಳಲ್ಕೆರೆ ಕಡೆಯ ತೋಟಕ್ಕೆ ಹೋಗುತ್ತಿದ್ದರು, ಅದಕ್ಕೇ ಡೀಸೆಲ್ ಸರಿ ಅಂತ ತೆಗೆದುಕೊಂಡೆವು. ಈಗ ತೋಟದ ಹತ್ತಿರವೇ ನನ್ನ ತಮ್ಮ ಮನೆ ಮಾಡಿದ್ದಾನೆ, ಗಾಡಿ ನನ್ನ ಕೈಗೆ ಬಂದಿದೆ. ಬೆಳಿಗ್ಗೆ ಮಗಳನ್ನು ವಿದ್ಯಾನಗರದ ಸ್ಕೂಲಿಗೆ ಬಿಟ್ಟು, ಅಲ್ಲಿಂದ ಮಂಡಿಪೇಟೆಯ ಅಂಗಡಿಗೆ ಹೋಗಿ, ಸಂಜೆ ವಾಪಸ್ ಬರುತ್ತೇನೆ. ಎಂಟು ಕಿಲೋಮೀಟರ್ ಆದರೆ ಜಾಸ್ತಿ. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬರುವಷ್ಟರಲ್ಲಿ ಇಳಿಯುವ ಜಾಗ ಬಂದಿರುತ್ತದೆ.

ಹೋದ ತಿಂಗಳು ಡಿಪಿಎಫ್ (ಹೊಗೆ ಫಿಲ್ಟರ್) ಲೈಟ್ ಹತ್ತಿಕೊಂಡಿತು. ಸರ್ವೀಸ್ ಸೆಂಟರ್‌ನವರು ಲ್ಯಾಪ್‌ಟಾಪ್ ಹಾಕಿ ಏನೋ ಕ್ಲೀನ್ ಮಾಡಿ ಬಿಲ್ ಕೊಟ್ಟರು. ಯಾಕೆ ಹೀಗಾಯಿತು ಅಂತ ಕೇಳಿದರೆ ಒಬ್ಬರೂ ನಿಂತು ಹೇಳಲಿಲ್ಲ. ಮೊನ್ನೆ ಮತ್ತೆ ಅದೇ ಲೈಟ್. ಗಾಡಿ ಓಡಿರುವುದು ಬರೀ 71 ಸಾವಿರ. ಕೊಟ್ಟು ಚಿಕ್ಕದು ತರೋಣ ಅಂತ ಮನೆಯವಳು ಹೇಳುತ್ತಾಳೆ. ಅಮ್ಮ ಒಪ್ಪುತ್ತಿಲ್ಲ, ಅಮಾವಾಸ್ಯೆಗೆ ಉಕ್ಕಡಗಾತ್ರಿ ದೇವಸ್ಥಾನಕ್ಕೆ ಎಲ್ಲರೂ ಒಂದೇ ಗಾಡಿಯಲ್ಲಿ ಹೋಗಬೇಕು ಅವರಿಗೆ. ನನಗೆ ನಿಜವಾಗಿಯೂ ಗೊತ್ತಾಗುತ್ತಿಲ್ಲ. ಗೊತ್ತಿರುವವರು ಹೇಳಿ.

ಹರಿಹರದ ಮೇಸ್ತ್ರಿ:
ಅಣ್ಣ, ಗಾಡಿ ಕೆಟ್ಟಿಲ್ಲ, ಅದಕ್ಕೆ ಓಟ ಸಾಲುತ್ತಿಲ್ಲ. ಡಿಪಿಎಫ್ ಅಂದರೆ ಸೈಲೆನ್ಸರ್ ದಾರಿಯಲ್ಲಿ ಕೂತಿರುವ ಜಾಲರಿ ಥರದ ಫಿಲ್ಟರ್. ಹೊಗೆಯ ಮಸಿಯನ್ನೆಲ್ಲ ಅದು ಹಿಡಿದುಕೊಳ್ಳುತ್ತದೆ. 2020ರ ಏಪ್ರಿಲ್‌ನಿಂದ ಬಿಎಸ್6 ಬಂದಮೇಲೆ ಡೀಸೆಲ್ ಕಾರುಗಳಿಗೆಲ್ಲ ಇದು ಬಂತು, ಹಳೆಯ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಇರಲಿಲ್ಲ, ಅದಕ್ಕೇ ನಿಮ್ಮ ಅಪ್ಪನವರ ಕಾಲದ ಗಾಡಿ ಊರೊಳಗೇ ಸುತ್ತಿದರೂ ತೊಂದರೆ ಕೊಡುತ್ತಿರಲಿಲ್ಲ. ಹಿಡಿದ ಮಸಿ ಸುಟ್ಟು ಹೋಗಬೇಕಾದರೆ ಫಿಲ್ಟರ್ ಸುಮಾರು 600 ಡಿಗ್ರಿ ಕಾಯಬೇಕು. ಅದಕ್ಕೆ ಗಾಡಿಯೇ ಸ್ವಲ್ಪ ಜಾಸ್ತಿ ಡೀಸೆಲ್ ಬಿಟ್ಟು ಬಿಸಿ ಮಾಡಿಕೊಳ್ಳುತ್ತದೆ. ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮ ಓಡಿದರೆ ಕೆಲಸ ಮುಗಿಯುತ್ತದೆ. ನೀವು ಅದು ಶುರು ಮಾಡಿದ ಎರಡು ನಿಮಿಷಕ್ಕೆ ಅಂಗಡಿ ಮುಂದೆ ಆಫ್ ಮಾಡುತ್ತಿದ್ದೀರಿ.

ಹಾಗೆ ಅರ್ಧಕ್ಕೆ ನಿಂತಾಗ ಉರಿಯದೆ ಉಳಿದ ಡೀಸೆಲ್ ಸಿಲಿಂಡರ್ ಗೋಡೆ ಹಿಡಿದು ಕೆಳಗಿಳಿದು ಇಂಜಿನ್ ಆಯಿಲ್‌ಗೆ ಸೇರುತ್ತದೆ. ನಾಳೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮುಂಚೆ ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಎಳೆದು ಒರೆಸಿ ಮತ್ತೆ ಹಾಕಿ ನೋಡಿ. ಆಯಿಲ್ ಮೇಲಿನ ಗೀಟು ದಾಟಿದ್ದರೆ, ಬೆರಳಿಗೆ ಹಚ್ಚಿದಾಗ ನೀರಾಗಿ ಜಾರಿ ಡೀಸೆಲ್ ವಾಸನೆ ಬಂದರೆ, ಇದೇ ಕಥೆ. ಆಯಿಲ್ ಕಡಿಮೆಯಾದರೆ ಎಲ್ಲರೂ ಹೆದರುತ್ತಾರೆ, ಹೆಚ್ಚಾದರೆ ಯಾರೂ ನೋಡುವುದಿಲ್ಲ. ತೆಳ್ಳಗಾದ ಆಯಿಲ್‌ನಲ್ಲಿ ಟರ್ಬೋ, ಬೇರಿಂಗ್ ಸವೆಯುತ್ತವೆ. ಹಾಗಿದ್ದರೆ ಆಯಿಲ್ ಬದಲಾಯಿಸಿಯೇ ದೂರ ಹೋಗಿ.

ಆಮೇಲೆ ಹರಿಹರ ದಾಟಿ ರಾಣೆಬೆನ್ನೂರು ಕಡೆ ಹೈವೇಯಲ್ಲಿ ಒಂದು ಸುತ್ತು ಹೊಡೆಯಿರಿ. ಚಳಗೇರಿ ಟೋಲ್‌ಗಿಂತ ಮುಂಚೆ ತಿರುಗಿಸಿಕೊಂಡರೆ ಟೋಲ್ ದುಡ್ಡೂ ಇಲ್ಲ. 70-80ರ ಸ್ಪೀಡ್ ಸಾಕು. ಲೈಟ್ ಹೋಗುತ್ತದೆ. ಹೋಗದೆ ಇಂಜಿನ್ ಲೈಟೂ ಬಂದು ಪಿಕಪ್ ಬಿದ್ದರೆ ಮಾತ್ರ ಸುಮ್ನೆ ಓಡಿಸಬೇಡಿ, ತೋರಿಸಿ.

ಕೋಟೆ ಊರಿನವ:
ಚಿತ್ರದುರ್ಗದಿಂದ. ನನಗೂ ಇದೇ ಆಗಿತ್ತು. ಎರಡು ವರ್ಷ ಪ್ರತಿ ಭಾನುವಾರ ಹಿರಿಯೂರು ತನಕ ಹೋಗಿ ಬಂದೆ, ಕೆಲಸವಿಲ್ಲದಿದ್ದರೂ. ಕೊನೆಗೆ ಸಾಕಾಗಿ ಕೊಟ್ಟು ಚಿಕ್ಕ ಎಲೆಕ್ಟ್ರಿಕ್ ಕಾರು ತಂದೆ. ಮನೆಯ 15 ಆಂಪಿಯರ್ ಸಾಕೆಟ್‌ನಲ್ಲೇ ರಾತ್ರಿ ಚಾರ್ಜ್ ಹಾಕುತ್ತೇನೆ, ವಾರಕ್ಕೆ ಒಂದೆರಡು ಸಲ ಹಾಕಿದರೆ ಆಯಿತು. ಚಿಕ್ಕ ಓಟಕ್ಕೆ ಅದರಷ್ಟು ಒಗ್ಗುವ ಗಾಡಿ ನಾನು ನೋಡಿಲ್ಲ, ಬಿಸಿಯಾಗಲಿ ಅಂತ ಕಾಯುವುದೇ ಇಲ್ಲ.

ಆದರೆ ಆತುರ ಬೇಡ. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತಲ್ಲ, ಆಮೇಲೆ ಹಳೆಯ ಗಾಡಿ ಕೇಳಲು ಬಂದವರೂ ನನಗೆ ಇಳಿಸಿಯೇ ಕೇಳಿದರು. ಹೊಸ ಪೆಟ್ರೋಲ್ ಗಾಡಿಯಾದರೆ ಮತ್ತೆ ಲೈಫ್ ಟ್ಯಾಕ್ಸ್ ಕಟ್ಟಬೇಕು, ಇನ್ಶೂರೆನ್ಸ್ ಬೇರೆ. ಲೈಟ್ ಉರಿಯುವಾಗ ಮಾತ್ರ ಮಾರಲು ಹೋಗಬೇಡಿ. ಕೊಳ್ಳುವವನಿಗೆ ಮುಚ್ಚಿಡುವುದೂ ಬೇಡ, ಅವನೂ ಮಕ್ಕಳನ್ನು ಕೂರಿಸಿಕೊಂಡು ಓಡಾಡುವವನೇ.

ಕೊಂಡಜ್ಜಿ ದಾರಿ:
ತಮ್ಮಾ, ಯಾವ ಗಾಡಿ ಅನ್ನುವ ಮುಂಚೆ ಒಂದು ಕೆಲಸ ಮಾಡು. ಹೋದ ವರ್ಷದ ಕ್ಯಾಲೆಂಡರ್ ಇಟ್ಟುಕೊಂಡು ಅಮ್ಮನ ಜೊತೆ ಕೂತು, ಐದು ಜನಕ್ಕಿಂತ ಹೆಚ್ಚು ಹತ್ತಿದ ದಿನ ಎಷ್ಟು ಅಂತ ಎಣಿಸು. ನಾವು ಎಣಿಸಿದಾಗ ಒಂಬತ್ತು ಬಂತು. ಒಂಬತ್ತು ದಿನಕ್ಕೆ ಬಾಡಿಗೆ ಗಾಡಿ ಹೇಳಿದೆವು, ಡ್ರೈವರ್ ಸಮೇತ. ಎಲ್ಲರೂ ಹಿಂದೆ ಕೂತು ಮಾತಾಡಿಕೊಂಡು ಹೋಗಬಹುದು, ನಮ್ಮ ಯಜಮಾನರಿಗೂ ಸುಸ್ತಿಲ್ಲ.

ಮಗಳಿಗೆ ಎಷ್ಟು ವಯಸ್ಸು? ಮನೆಯಲ್ಲಿ ಸ್ಕೂಟರ್ ಇದ್ದರೆ ಹೆಲ್ಮೆಟ್ ಹಾಕಿ ಅದರಲ್ಲೇ ಬಿಡು. ಅಮ್ಮನಿಗೆ ಮಾತ್ರ "ಗಾಡಿ ಮಾರುತ್ತೇವೆ" ಅಂತ ಶುರು ಮಾಡಬೇಡ. ಉಕ್ಕಡಗಾತ್ರಿಗೆ ಕರೆದುಕೊಂಡು ಹೋಗುವುದು ನಿಲ್ಲುವುದಿಲ್ಲ ಅಂತ ಮೊದಲು ಹೇಳು. ಅವರ ಭಯ ಅದೇ ಇರಬೇಕು, ಅಲ್ವಾ?

ಬೆಣ್ಣೆನಗರಿ:
ಮೇಸ್ತ್ರಿ ಅಣ್ಣ, ನೀವು ಹೇಳಿದ ಹಾಗೇ ಇತ್ತು. ಆಯಿಲ್ ಮೇಲಿನ ಗೀಟಿಗಿಂತ ಅರ್ಧ ಬೆರಳು ಮೇಲಿತ್ತು, ಬಟ್ಟೆಗೆ ಒರೆಸಿದರೆ ಡೀಸೆಲ್ ವಾಸನೆ. ಶನಿವಾರ ಆಯಿಲ್, ಫಿಲ್ಟರ್ ಬದಲಾಯಿಸಿ, ಭಾನುವಾರ ಬೆಳಿಗ್ಗೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಹರಿಹರ ದಾಟಿ ಹೊಳೆ ಸೇತುವೆ ಕಳೆದು ಸ್ವಲ್ಪ ದೂರಕ್ಕೆ ಲೈಟ್ ಹೋಯಿತು. "ನೋಡು, ಉಸಿರಾಡಿತು" ಅಂದರು ಅಪ್ಪ.

ಅಕ್ಕ, ನಾವೂ ಎಣಿಸಿದೆವು. ಹನ್ನೊಂದು ದಿನ. ಅದರಲ್ಲಿ ಆರು ಉಕ್ಕಡಗಾತ್ರಿ, ಮೂರು ಮದುವೆ, ಎರಡು ತೋಟ. ಮಗಳಿಗೆ ಒಂಬತ್ತು ವರ್ಷ, ಮಳೆ ಇಲ್ಲದ ದಿನ ಇವತ್ತಿನಿಂದ ಸ್ಕೂಟರ್. ಅಮ್ಮ ಒಂದೇ ಕೇಳಿದರು, ಬಾಡಿಗೆ ಗಾಡಿಯವನು ಅಮಾವಾಸ್ಯೆ ದಿನ ಬೆಳಗಿನ ಜಾವ ನಾಲ್ಕಕ್ಕೆ ಬರುತ್ತಾನಾ ಅಂತ. ಪರಿಚಯದ ಡ್ರೈವರ್‌ಗೆ ಫೋನ್ ಮಾಡಿ ಅಮ್ಮನ ಕೈಗೇ ಕೊಟ್ಟೆ. ಈ ಸಲದ ಅಮಾವಾಸ್ಯೆಗೆ ಅವನ ಗಾಡಿಯಲ್ಲಿ ಹೋಗಿ ನೋಡುತ್ತೇವೆ, ಅಮ್ಮನಿಗೆ ಒಗ್ಗಿದರೆ ನಮ್ಮದನ್ನು ಕೊಟ್ಟು ಚಿಕ್ಕದು ತರುತ್ತೇವೆ. ಕೋಟೆ ಊರಿನವರೇ, ನಿಮ್ಮ ಎಲೆಕ್ಟ್ರಿಕ್ ಕಾರಿಗೆ ಸಾಕೆಟ್ ಹಾಕಿಸುವಾಗ ಮೀಟರ್‌ನಿಂದ ಬೇರೆ ವೈರ್ ಎಳೆಸಿದಿರಾ? ನಮ್ಮ ಮನೆಯ ವೈರಿಂಗ್ ಹಳೆಯದು, ಅದೊಂದು ಹೇಳಿ.