ಹಳೆಯ ಸರ್ವೆ ಹಾಳೆಯ ಕೆರೆಗಳು 4 ಕಿ.ಮೀ. ಪೂರ್ವಕ್ಕೆ ಸರಿದು ಕೂರುತ್ತಿವೆ, ಏಕೆ?

ಕೆರೆಸಾಲು:
ಕೋಲಾರದ ಸುತ್ತಲಿನ ಕೆರೆಗಳ ಹಳೆಯ ಹರವು ಗುರುತಿಸಬೇಕಿದೆ. 19ನೇ ಶತಮಾನದ ಕೊನೆಯ, ಅಂಗುಲಕ್ಕೆ ಒಂದು ಮೈಲಿಯ ಸರ್ವೆ ಹಾಳೆಯನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಉಪಗ್ರಹ ಚಿತ್ರದ ಮೇಲೆ ಕೂರಿಸುತ್ತಿದ್ದೇನೆ. ನಾಲ್ಕು ಮೂಲೆಗೂ ಹಾಳೆಯಲ್ಲೇ ಅಚ್ಚಾದ ಅಕ್ಷಾಂಶ, ರೇಖಾಂಶ ಕೊಟ್ಟೆ. ಉತ್ತರ–ದಕ್ಷಿಣ ಹೆಚ್ಚುಕಡಿಮೆ ಸರಿಯಿದೆ, ಆದರೆ ಎಲ್ಲವೂ 4 ಕಿ.ಮೀ.ಗಿಂತ ಹೆಚ್ಚು ಪೂರ್ವಕ್ಕೆ ಹೋಗಿದೆ. ಸ್ಕ್ಯಾನ್ ಕೆಟ್ಟಿದೆಯೇ? ಇದರಿಂದ ಕೆರೆಯ ವಿಸ್ತೀರ್ಣ ಅಳೆಯಬಹುದೇ?

ನಕಾಶೆಗಣ್ಣು:
ಸ್ಕ್ಯಾನ್ ಸರಿಯಾಗಿಯೇ ಇದೆ. ಆಗ ಮದರಾಸಿನ ವೀಕ್ಷಣಾಲಯವನ್ನು ಆಧಾರವಾಗಿಟ್ಟು ರೇಖಾಂಶ ಎಣಿಸುತ್ತಿದ್ದರು, ಅದರ ಸ್ಥಾನವನ್ನು 80°17′21″ ಎಂದು ಹಿಡಿದಿದ್ದರು. ಆಮೇಲೆ ತಂತಿ ಸಂಕೇತದ ನೆರವಿನಿಂದ ಅಳೆದು 80°14′54″ ಎಂದು ತಿದ್ದಿದರು. ವ್ಯತ್ಯಾಸ 2′27″, ಕೋಲಾರದ ಅಕ್ಷಾಂಶದಲ್ಲಿ ಸುಮಾರು 4.4 ಕಿ.ಮೀ. ಪ್ರತಿ ರೇಖಾಂಶದಿಂದ ಅಷ್ಟು ಕಳೆಯಿರಿ. ಹಾಳೆಯ ಅಂಚಿನ ಸಣ್ಣಕ್ಷರವನ್ನೂ ನೋಡಿ, ಈ ತಿದ್ದುಪಡಿಯನ್ನು ಅಲ್ಲೇ ಮುದ್ರಿಸಿರುವುದುಂಟು. ಸ್ಕ್ಯಾನ್ ಮಾಡುವಾಗ ಅಂಚು ಕತ್ತರಿಸಿದರೆ ನಕ್ಷೆಯ ಅರ್ಧ ಜೀವವೇ ಹೋದಂತೆ.

ಇಷ್ಟಾದರೂ ನೂರಿನ್ನೂರು ಮೀಟರ್ ಉಳಿಯುತ್ತದೆ. ಭೂಮಿಯ ಆಕಾರವನ್ನು ಹಿಡಿಯುವ ಲೆಕ್ಕ ಎರಡರಲ್ಲೂ ಬೇರೆ: ಹಳೆಯ ಹಾಳೆ ಎವರೆಸ್ಟ್ ಲೆಕ್ಕದ್ದು, ಉಪಗ್ರಹ ಚಿತ್ರ ಡಬ್ಲ್ಯೂಜಿಎಸ್ 84ರದ್ದು. ಹಾಗಾಗಿ ಮೂಲೆಗಳಿಂದ ಒರಟಾಗಿ ಕೂರಿಸಿ, ಆಮೇಲೆ ಹಾಳೆಯಲ್ಲೂ ಚಿತ್ರದಲ್ಲೂ ಕಾಣುವ ನೆಲದ ಗುರುತುಗಳಿಂದ ಬಿಗಿ ಮಾಡಿ.

ಕೆರೆಸಾಲು:
2′27″ ಕಳೆದ ಕೂಡಲೇ ಹತ್ತಿರ ಬಂತು, ಧನ್ಯವಾದ. ಹಾಳೆ ಬಟ್ಟೆಗೆ ಅಂಟಿಸಿ ಮಡಿಸಿದ್ದು. ಮಡಿಕೆಯ ಬಳಿ ರಸ್ತೆಗಳು ಕೂಡುತ್ತಿಲ್ಲ.

ತೂಬು_ಕೋಡಿ:
ಅಂಥ ಹಾಳೆಯನ್ನು ತುಂಡು ಮಾಡಿ, ನಡುವೆ ಸಂದು ಬಿಟ್ಟು ಅಂಟಿಸಿರುತ್ತಾರೆ. ಇಡಿಯಾಗಿ ಕೂರಿಸಿದರೆ ಸಂದಿನ ತಪ್ಪು ಎಲ್ಲ ಕಡೆಗೂ ಹರಡುತ್ತದೆ. ಪ್ರತಿ ತುಂಡನ್ನೂ ಬೇರೆ ಕತ್ತರಿಸಿ, ಒಂದೊಂದಕ್ಕೂ 8–10 ಗುರುತು ಕೊಟ್ಟು, ಮೊದಲ ದರ್ಜೆಯ ಪಾಲಿನಾಮಿಯಲ್‌ನಲ್ಲಿ (ನೇರ ಗೆರೆಯನ್ನು ಬಾಗಿಸದ ವಿಧಾನ) ಕೂರಿಸಿ. ಹಳೆಯ ದೇವಸ್ಥಾನ, ಕೆರೆ ಏರಿಯ ಎರಡು ತುದಿ, ಕೋಡಿ, ಬೆಟ್ಟದ ತುದಿಯ ಸರ್ವೆ ಕಲ್ಲು ನಂಬಿಕೆಗೆ ಅರ್ಹ. ನೀರಿನ ಅಂಚನ್ನು ಗುರುತಾಗಿ ಹಿಡಿಯಲೇಬೇಡಿ, ಅದು ಮಳೆಗೆ ಒಂದು ಕಡೆ, ಬೇಸಿಗೆಗೆ ಇನ್ನೊಂದು ಕಡೆ. ಹಾಳೆಯನ್ನು ರಬ್ಬರಿನಂತೆ ಎಳೆದು ಕೂರಿಸುವ ಥಿನ್ ಪ್ಲೇಟ್ ಸ್ಪ್ಲೈನ್ ವಿಧಾನ ಆಯ್ದರೆ ಕೊಟ್ಟ ಗುರುತುಗಳಲ್ಲಿ ತಪ್ಪು ಸೊನ್ನೆ ಎಂದೇ ತೋರಿಸುತ್ತದೆ, ಅದಕ್ಕೆ ಮರುಳಾಗಬೇಡಿ. ಮೂರ್ನಾಲ್ಕು ಗುರುತು ಪಕ್ಕಕ್ಕಿಟ್ಟು ಅವುಗಳಿಂದ ಪರೀಕ್ಷಿಸಿ.

ಗುಂಟೆ_ಆಣೆ:
ವಿಸ್ತೀರ್ಣದ ಪ್ರಶ್ನೆ ಹಾಗೇ ಉಳಿಯಿತು. ಈ ಅಳತೆಯಲ್ಲಿ 1 ಮಿ.ಮೀ. ಅಂದರೆ ನೆಲದಲ್ಲಿ 63 ಮೀಟರ್. ಒಂದು ಎಕರೆಯ ಕುಂಟೆ ನಕ್ಷೆಯಲ್ಲಿ ಒಂದು ಮಿ.ಮೀ. ಚೌಕ, ಗೆರೆ ತುಸು ದಪ್ಪವಾದರೆ ಮುಚ್ಚಿಹೋಗುತ್ತದೆ. ದೊಡ್ಡ ಕೆರೆಯ ಇರವು, ಆಕಾರ, ಕಾಲುವೆಯ ಜಾಡು ತಿಳಿಯಲು ಈ ಹಾಳೆ ಸಾಕು, ಎಕರೆ ಲೆಕ್ಕಕ್ಕೆ ಸಾಲದು.

ಅದಕ್ಕೆ ಗ್ರಾಮ ನಕಾಶೆ ಬೇಕು. 1:7,920ರ ನಕಾಶೆಯಲ್ಲಿ ಅದೇ ಎಕರೆ 8 ಮಿ.ಮೀ. ಚೌಕವಾಗುತ್ತದೆ. ಕೆರೆಯ ಸರ್ವೆ ನಂಬರಿನ ಗೆರೆ ಎಳೆದು, ಬಂದ ವಿಸ್ತೀರ್ಣವನ್ನು ಆಕಾರಬಂದ್‌ನ (ಸರ್ವೆ ನಂಬರುವಾರು ವಿಸ್ತೀರ್ಣದ ದಾಖಲೆ) ಎಕರೆ–ಗುಂಟೆಯೊಂದಿಗೆ ತಾಳೆ ನೋಡಿ. ಸರ್ವೆ ನಂಬರಿನ ಅಳತೆಗಳನ್ನು ಬರೆದ ಟಿಪ್ಪಣಿಯಲ್ಲಿನ ಸರಪಳಿ 33 ಅಡಿಯದು, 16 ಆಣೆಗೆ ಒಂದು ಸರಪಳಿ. ಅದನ್ನು 66 ಅಡಿಯ ಸರಪಳಿ ಎಂದುಕೊಂಡರೆ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ. ತಾಳೆಯಾಗದಿದ್ದರೆ ಒತ್ತುವರಿ ಎಂದು ಬರೆಯುವ ಮೊದಲು ಇದನ್ನು ನೋಡಿ.

ನಡುವಿನ ಕಾಲಕ್ಕೆ 1960–72ರಲ್ಲಿ ಅಮೆರಿಕದ ಕರೋನಾ ಎಂಬ ಬೇಹು ಉಪಗ್ರಹಗಳು ತೆಗೆದ ಚಿತ್ರಗಳಿವೆ, 1995ರಲ್ಲಿ ಅವುಗಳ ಗೋಪ್ಯತೆ ತೆಗೆದರು. ಏರಿ ಯಾವಾಗ ಒಡೆಯಿತು, ಕೆರೆಯಂಗಳದಲ್ಲಿ ಉಳುಮೆ ಆಗಲೇ ಶುರುವಾಗಿತ್ತೇ ಎಂಬುದರ ಸುಳಿವು ಅಲ್ಲಿ ಸಿಗಬಹುದು.